ಒಂದೇ ಮಾತು ಸಾಕು!

ಮಗಳು ಪ್ರಣತಿಗೆ ಮೂರು ತುಂಬುತ್ತಾ ಬಂದರೂ "ಅಮ್ಮ", "ಹಾಲು", "ಬೇಡ" ಬಿಟ್ಟರೆ ಬೇರೆ ಪದ ಬಾಯಿಗೆ ಬಂದಿರಲಿಲ್ಲ. "ಬೇಡ" ಮಾತ್ರ ಬಹಳ ಸ್ಪಷ್ಟವಾಗಿತ್ತು. ಪುತ್ತೂರಿನಲ್ಲಿ ಮಕ್ಕಳಿಗೆ ಮಾತಿನ ತರಬೇತಿ ಕೊಡುವ ಮೇಡಂ ಪರೀಕ್ಷಿಸಿ, "ಕಿವಿ ಸರಿ ಉಂಟು, ಹೆದರಬೇಡಿ" ಎಂದರು. ಮನೆಯಲ್ಲಿ ಏನು ಮಾಡಬೇಕೆಂದು ಅವರು ವಿವರಿಸುವಷ್ಟರಲ್ಲಿ ಮಗಳು ಹೊರಗೋಡಿದಳು. ಹೆಂಡತಿ ಸವಿತಾ ಅವಳ ಹಿಂದೆ ಓಡಿದಳು. ಕೇಳಿಸಿಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು. ಎಂ.ಎ. ಮಾಡಿದವನಿಗೆ ಅದೇನು ಮಹಾ?

ಕೋಡಿಂಬಾಳದ ಮನೆಗೆ ಬಂದವನೇ ಸಭೆ ಕರೆದೆ. "ಮೇಡಂ ಹೇಳಿದ್ದಾರೆ, ಮನೆಯಲ್ಲಿ ಒಂದೇ ಮಾತು ಸಾಕು!"

ಅಮ್ಮನ ತುಳು, ಸುಳ್ಯದ ಕಡೆಯ ಸವಿತಾಳ ಅರೆಭಾಷೆ, ಬೇಲಿಯಾಚೆಯ ಅನ್ನಮ್ಮ ಚೇಚಿಯ ಮಲೆಯಾಳ, ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯುವ ಮನೆ ನಮ್ಮದು. ಮಗು ಗೊಂದಲಕ್ಕೆ ಬೀಳದೆ ಇನ್ನೇನು? ಆದ್ದರಿಂದ ಈ ಕ್ಷಣದಿಂದ ಕನ್ನಡವೊಂದೇ, ಅದೂ ಶುದ್ಧ ಕನ್ನಡ ಎಂದು ಘೋಷಿಸಿದೆ.

"ಮೇಡಂ ಹಾಗೆ ಹೇಳಿದ್ದು ಹೌದಾ?" ಸವಿತಾ ಕೇಳಿದಳು.

"ಡೈರಿಯಲ್ಲೇ ಬರೆದಿದ್ದೇನೆ!"

"ನನ್ನ ಹುಟ್ಟಿದ ದಿನವನ್ನೂ ಬರ್ದಿದ್ರಿ. ಬೇರೆ ತಿಂಗಳಲ್ಲಿ."

ಅಮ್ಮನ ಉತ್ತರ ಚಿಕ್ಕದು. "ಪುಸ್ತಕದ ಕನ್ನಡ ನಂಗೆ ಬರುದಿಲ್ಲ. ನೀನು ಮಾರ್ಕ್ ಹಾಕುದೂ ಬೇಡ. ನಾನು ಬಾಯಿ ಮುಚ್ಚಿ ಕೂತುಕೊಳ್ತೇನೆ."

ಕೂತೇಬಿಟ್ಟರು! ಮೊಮ್ಮಗಳಿಗೆ ಹಾಲು ಬೇಕೇ ಎಂದು ಕೇಳಲು ಬಾಯಿಯತ್ತ ಹೆಬ್ಬೆರಳು, ಸ್ನಾನಕ್ಕೆ ಕರೆಯಲು ತಲೆಗೆ ಚೆಂಬು ಸುರಿಯುವ ಅಭಿನಯ. ಅನ್ನಮ್ಮ ಚೇಚಿಯೂ ಬೇಲಿಯಾಚೆಯಿಂದ ಕೈ ಬೀಸಿ ಸುಮ್ಮನಾದರು.

ಕೊರತೆ ತುಂಬಲು ನಾನಿದ್ದೆನಲ್ಲ! "ಮಗಳೇ, ತಂದೆಯು ಈಗ ಹಲ್ಲುಜ್ಜುತ್ತಿದ್ದಾನೆ. ನೊರೆಯು ಬಿಳುಪಾಗಿದೆ. ಏಕೆ ಬಿಳುಪಾಗಿದೆ?" ಉತ್ತರವನ್ನೂ ನಾನೇ ಕೊಡುತ್ತಿದ್ದೆ. ಮಗಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಆಸಕ್ತಿ ತೋರಿಸುತ್ತಿದ್ದಾಳೆ ಎಂದು ಬರೆದುಕೊಂಡೆ.

ಅಷ್ಟರಲ್ಲಿ ಅಂಗನವಾಡಿಯ ಟೀಚರರ ಫೋನು ಬಂತು. "ಮನೆಯಲ್ಲಿ ಎಂತ ಮಾಡಿದ್ರಿ ಮಾರಾಯ್ರೆ? ಇದ್ದ 'ಬೇಡ' ಕೂಡ ಹೋಗಿದೆ. ಉಪ್ಪಿಟ್ಟು ಕೊಟ್ರೆ ಬೇಡ ಅಂತ ಬರೀ ಕೈ ಬೀಸ್ತಾಳೆ. ಅವಳನ್ನು ನೋಡಿ ಉಳಿದ ಮಕ್ಕಳೂ ಶುರು ಮಾಡಿದ್ದಾರೆ!"

ಆಗ ನಿಜಕ್ಕೂ ಹೆದರಿದೆ. ಇದ್ದ ಮೂರು ಪದಗಳನ್ನೂ ನಾನೇ ಕಳೆದೆನೇ?

ಮತ್ತೆ ಪುತ್ತೂರಿಗೆ ಓಡಿದೆವು. ಎಲ್ಲ ಕೇಳಿದ ಮೇಡಂ ಹಣೆಗೆ ಕೈಯಿಟ್ಟರು. "ನಾನು ಹೇಳಿದ್ದು, ಒಂದು ಸಲಕ್ಕೆ ಒಂದೇ ಮಾತು ಸಾಕು ಅಂತ. 'ಹಾಲು' ಅಂತ ಹೇಳಿ, ಸ್ವಲ್ಪ ಕಾಯಿರಿ ಅಂತ. ಮಾತು ಅಂದ್ರೆ ಶಬ್ದ ಸರ್, ಭಾಷೆ ಅಲ್ಲ! ಅಜ್ಜಿ ತುಳುವಿನಲ್ಲೇ ಮಾತಾಡ್ಲಿ. ಎಷ್ಟು ಭಾಷೆ ಇದ್ರೂ ತೊಂದ್ರೆ ಇಲ್ಲ. ನೀವು ಮಾತ್ರ ಸ್ವಲ್ಪ ಕಮ್ಮಿ ಮಾಡಿ."

ಆ "ಒಂದು ಸಲಕ್ಕೆ" ನನ್ನ ಕಿವಿಗೆ ಬಿದ್ದಿತ್ತೋ, ದಾರಿಯಲ್ಲಿ ಬಿದ್ದುಹೋಯಿತೋ, ಈಗಲೂ ಆಣೆ ಹಾಕಲಾರೆ.

ಅಮ್ಮನ ಮೌನವ್ರತ ಮುರಿಯಲು ಕ್ಷಮೆ ಕೇಳಬೇಕಾಯಿತು. ತುಳುವಿನಲ್ಲಿ! ಮನೆ ಮತ್ತೆ ಗಲಗಲ ಎಂದಿತು. ಅಮ್ಮ ಒಂದು ಶಬ್ದ ಹೇಳಿ ಕಾಯುವರು. ಅಂಗನವಾಡಿಯಲ್ಲಿ ಟೀಚರ್ ಚೆಂಡು ಹಿಡಿದು, ಮಗಳು "ಕೊಡಿ" ಎನ್ನುವವರೆಗೆ ಕಾಯುವರು. ಬೇಲಿಯಾಚೆ ಚೇಚಿ ಕಾಯುವರು. ಒಂದು ಪುಟ್ಟ ಬಾಯಿ ತೆರೆಯಲೆಂದು ಇಷ್ಟು ಜನ ಕೆಲಸ ಬಿಟ್ಟು ನಿಂತರು. ಕಾಯಲು ಬಾರದವನು ನಾನೊಬ್ಬನೇ.

ಒಂದು ಸಂಜೆ ಬಾಳೆಹಣ್ಣು ಹಿಡಿದು "ಹಣ್ಣು" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ವಿವರಣೆ ಸಿಪ್ಪೆಯನ್ನು ದಾಟಿ ಗೊನೆಯವರೆಗೆ ಹೋಯಿತು. ಮಗಳು ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸೊಂಟಕ್ಕೆ ಕೈಯಿಟ್ಟಳು.

"ಅಪ್ಪ, ಮನಿಪಂದೆ ಕುಲ್ಲು!"

ಮಾತಾಡದೆ ಕೂತುಕೋ! ಅಮ್ಮ ನನಗೆ ಚಿಕ್ಕಂದಿನಿಂದ ಹೇಳುತ್ತಾ ಬಂದ ತುಳು ಮಾತು. ನನ್ನ ಮಗಳ ಮೊದಲ ಪೂರ್ಣ ವಾಕ್ಯ. ಒಂದು ವ್ಯಾಕರಣ ದೋಷವೂ ಇಲ್ಲ!

ನಾನು ಕೂತೆ. ಆಗ ನನ್ನ ಕಣ್ಣಲ್ಲಿ ನೀರಿತ್ತೆಂದು ಸವಿತಾ ಹೇಳುತ್ತಾಳೆ. ಒಲೆಯ ಹೊಗೆ ಎಂದು ಡೈರಿಯಲ್ಲಿದೆ.

ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ.