ಗಂಟುನೋವಿಗೆ ತಕ್ಕ ಟ್ರೈನರ್

ಇಂಥದ್ದೆಲ್ಲ ನನಗೇ ಯಾಕೆ ಆಗುತ್ತದೆ ಎಂದು ಹೆಂಡತಿಯನ್ನು ಕೇಳಿದರೆ, "ನೀವು ಹೋಗಿ ಕೇಳ್ತೀರಲ್ಲ, ಅದಕ್ಕೆ" ಎನ್ನುತ್ತಾಳೆ.

ಮೂಡುಬಿದಿರೆಯಲ್ಲಿ ನನ್ನದೊಂದು ಜವಳಿ ಅಂಗಡಿ. ಮದುವೆ ಸೀರೆಗಳೆಲ್ಲ ಮಾಳಿಗೆಯಲ್ಲಿ. ಮೊಣಕಾಲಿನ ಗಂಟುನೋವು ಶುರುವಾದ ಮೇಲೆ ಮೆಟ್ಟಿಲು ಹತ್ತುವ ಹೆದರಿಕೆಗೆ ಗಿರಾಕಿಗಳಿಗೆ "ಸ್ಟಾಕ್ ಮುಗಿದಿದೆ" ಎನ್ನತೊಡಗಿದೆ. ಡಾಕ್ಟರು ಹೇಳಿದರು: "ತೊಡೆಗೆ ಬಲ ಬರದಿದ್ರೆ ಆಪರೇಷನ್ನೇ ಗತಿ. ವ್ಯಾಯಾಮ ಮಾಡಿ. ಆದ್ರೆ ಸರಿಯಾಗಿ ಕಲಿತ ಟ್ರೈನರ್ ಹತ್ರವೇ ಹೋಗಿ."

ತೋಳು

ಮೊದಲು ಹೋದದ್ದು ಬಂಟ್ವಾಳದ ಒಂದು ಜಿಮ್ಮಿಗೆ. ಅಲ್ಲಿನ ಟ್ರೈನರ್ ಬಾಗಿಲಲ್ಲಿ ನಿಂತರೆ ಒಳಗೆ ಗಾಳಿ ಹೋಗುತ್ತಿರಲಿಲ್ಲ. "ನೀವು ಏನು ಕಲ್ತದ್ದು?" ಎಂದು ಕೇಳಿದೆ. ತೋಳು ಮಡಚಿ ತೋರಿಸಿದ. "ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?"

ಗಂಟುನೋವಿನ ವಿಷಯ ಹೇಳಿದೆ.

"ನೋವು ಬಂದ್ರೆ ಒಳ್ಳೇದು ಮಾರಾಯ್ರೆ. ವ್ಯಾಯಾಮ ಕೆಲಸ ಮಾಡ್ತಾ ಉಂಟು ಅಂತ ಲೆಕ್ಕ."

"ಹಾಗಾದ್ರೆ ನನಗೆ ವ್ಯಾಯಾಮ ಮಾಡದೆಯೇ ಅದು ಕೆಲಸ ಮಾಡ್ತಾ ಉಂಟಲ್ಲ" ಎಂದು ಚಪ್ಪಲಿ ಹಾಕಿಕೊಂಡೆ.

ಗೋಡೆ

ಬೆಳ್ತಂಗಡಿಯಲ್ಲಿರುವ ನನ್ನ ಭಾವ, "ಇಲ್ಲೊಬ್ಬ ಇದ್ದಾನೆ, ಗೋಡೆ ತುಂಬ ಸರ್ಟಿಫಿಕೇಟ್" ಎಂದ. ಹೋಗಿ ನೋಡಿದರೆ ಸುಳ್ಳಲ್ಲ, ಎಲ್ಲಕ್ಕೂ ಚೌಕಟ್ಟು ಹಾಕಿಸಿದ್ದ. ಕನ್ನಡಕ ಏರಿಸಿ ಓದಿದೆ. ಒಂದು ಹಗ್ಗಜಗ್ಗಾಟದ್ದು, ಒಂದು ರಕ್ತದಾನದ್ದು. ನಡುವಿನ ದೊಡ್ಡದು ಛದ್ಮವೇಷ ಸ್ಪರ್ಧೆಯದ್ದು: ಭೀಮನ ವೇಷ, ದ್ವಿತೀಯ ಬಹುಮಾನ.

"ಪ್ರಥಮ ಯಾರಿಗೆ ಬಂತು?" ಎಂದು ಕೇಳದೆ ಇರಲಾಗಲಿಲ್ಲ.

ಅವನ ಮುಖ ಬಾಡಿತು. "ಶಕುನಿಗೆ. ಮೋಸ ಆದದ್ದು ಸರ್."

ಆಹಾರ

ಮೂರನೆಯವನು ಪುತ್ತಿಗೆ ಕಡೆಯವನು. ಪಾಪ, ಒಳ್ಳೆಯ ಹುಡುಗ. ಬಲ ಬರಬೇಕಾದರೆ ದಿನಾ ಮೊಟ್ಟೆ ತಿನ್ನಬೇಕೆಂದ.

"ನಾವು ಜೈನರು. ಬಟಾಟೆ ತಿನ್ನಲಿಕ್ಕೂ ಯೋಚನೆ ಮಾಡುವವರು" ಎಂದೆ.

ಅವನು ಬಹಳ ಹೊತ್ತು ಆಲೋಚಿಸಿದ. "ಹಾಗಾದ್ರೆ ಮೊಟ್ಟೆ ಬಿಡುವ. ಬಂಗುಡೆ ಮೀನು ಆಗ್ತದಲ್ಲ?"

ಫೋನು

ಕೊನೆಗೆ ತಕ್ಕವಳು ಸಿಕ್ಕಿದ್ದು ನನ್ನ ಅಂಗಡಿಯ ಹಿಂದಿನ ರಸ್ತೆಯಲ್ಲೇ. ದೈಹಿಕ ಶಿಕ್ಷಣ ಓದಿ, ಟ್ರೈನರ್ ಕೋರ್ಸನ್ನೂ ಮುಗಿಸಿದ ಹುಡುಗಿ. "ಎಕ್ಸ್‌ರೇ ನೋಡದೆ ನಿಮ್ಮನ್ನು ಕುರ್ಚಿಯಿಂದ ಏಳ್ಲಿಕ್ಕೂ ಹೇಳುವುದಿಲ್ಲ" ಎಂದಳು. ಇವಳೇ ಸರಿ ಎಂದು ಅಲ್ಲೇ ನಿಶ್ಚಯಿಸಿದೆ. ಈಗ ಮಾಳಿಗೆಯ ಸೀರೆಗಳನ್ನು ನಾನೇ ಇಳಿಸುತ್ತೇನೆ. ಆದರೆ ಶುರುವಿಗೆ ಮೊದಲೇ ಒಂದು ಎಡವಟ್ಟು ಆಗಿತ್ತು.

ಸೇರುವ ಹಿಂದಿನ ದಿನ ಮೊಬೈಲನ್ನು ಮನೆಯಲ್ಲೇ ಮರೆತು ಅಂಗಡಿಗೆ ಬಂದಿದ್ದೆ. ಅವಳು ಮಾಡಿದ ಫೋನನ್ನು ಅಮ್ಮ ಎತ್ತಿ, "ಮಗ ಅಂಗಡಿಗೆ ಹೋಗಿದ್ದಾನೆ" ಎಂದರು. ನಾನು ಟ್ರೈನರ್ ಹುಡುಕುವ ಸಂಗತಿ ಅಮ್ಮನಿಗೆ ಗೊತ್ತಿರಲಿಲ್ಲ.

"ನಿಮ್ಮ ಮಗನ ಬಗ್ಗೆ ಸ್ವಲ್ಪ ತಿಳ್ಕೊಳ್ಳಬೇಕಿತ್ತು ಅಮ್ಮ" ಎಂದು, ತಾನು ಟ್ರೈನರ್ ಎಂಬುದನ್ನು ಹೇಳದೆಯೇ ಶುರುಮಾಡಿದಳಂತೆ. ಪ್ರಾಯ ಎಷ್ಟು, ತೂಕ ಎಷ್ಟು, ಸಿಗರೇಟು ಉಂಟಾ, ಕುಟುಂಬದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಉಂಟಾ.

ಅಮ್ಮ ಊರಿನ ಎಷ್ಟೋ ಸಂಬಂಧಗಳನ್ನು ಕೂಡಿಸಿದವರು. ಅಭ್ಯಾಸಬಲದಿಂದ ನನ್ನ ಪ್ರಾಯವನ್ನು ಒಂದಿಷ್ಟು ಇಳಿಸಿ, ದುಶ್ಚಟ ಇಲ್ಲ ಎಂದು ಹೇಳಿ, ಸ್ವಂತ ಅಂಗಡಿ ಉಂಟೆಂದೂ ಸೇರಿಸಿದರು. ಆಮೇಲೆ ಏನೋ ನೆನಪಾಗಿ ದನಿ ತಗ್ಗಿಸಿದರು.

"ಎಲ್ಲ ಸರಿ ಮಗಾ. ಆದ್ರೆ ಅವನಿಗೆ ಮದುವೆ ಆಗಿದೆ."

"ಅದಕ್ಕೇನೂ ತೊಂದರೆ ಇಲ್ಲ ಅಮ್ಮ" ಎಂದಳಂತೆ ಆ ಹುಡುಗಿ. "ನನ್ನ ಹತ್ರ ಬರುವವರೆಲ್ಲ ಮದುವೆ ಆದವರೇ."