ಕೌದಿಯೊಳಗಿನ ಶ್ರುತಿ

ಅಂಬಾದಾಸನಿಗೆ ಆ ದಿನ ಬೇಕಾಗಿದ್ದದ್ದು ನಾಲ್ಕಾರು ಕೌದಿಗಳು, ಅಷ್ಟೇ. ಸುಡುಬೇಸಿಗೆಯಲ್ಲಿ ಒಬ್ಬ ಮನುಷ್ಯ ಮನೆಮನೆಗೆ ಹೋಗಿ ಕೌದಿ ಕೇಳಿದರೆ ಇಬ್ರಾಹಿಂಪುರದ ಓಣಿ ಏನೆಂದು ತಿಳಿದುಕೊಳ್ಳುತ್ತದೆ ಎಂದು ಅವನು ಯೋಚಿಸಲಿಲ್ಲ. ಯೋಚಿಸುವಷ್ಟು ಹೊತ್ತೂ ಅವನಿಗೆ ಇರಲಿಲ್ಲ.

ರೇಡಿಯೋ ರಿಪೇರಿ ಅವನ ಕಸುಬು. ಆದರೆ ಈಚೆಗೆ ಜನರ ರೇಡಿಯೋಗಳು ಅವನ ಕಪಾಟಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು. ಅವುಗಳ ಕರುಳನ್ನೆಲ್ಲ ಕಿತ್ತು ಅವನು ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಜೋಡಿಸಿದ್ದ. ಒಂದು ಗುಂಡಿ ತಿರುವಿದರೆ ಡಬ್ಬಿ ಈಯಲಿರುವ ಎಮ್ಮೆಯಂತೆ ನರಳುತ್ತಿತ್ತು. ಇನ್ನೊಂದು ತಿರುವಿದರೆ ಕಿವಿಯ ಬಳಿಯ ಸೊಳ್ಳೆಯಂತೆ ಕುಂಯ್‌ಗುಡುತ್ತಿತ್ತು. ಅಂಬಾದಾಸನ ಪ್ರಕಾರ ಅದು ಮುಂದಿನ ಕಾಲದ ಸಂಗೀತ. ಹೆಂಡತಿ ರುಕ್ಮವ್ವನ ಪ್ರಕಾರ ಅದು ಸವತಿ.

ಮಮದಾಪುರದ ನಾಟಕ ಮಂಡಳಿಯ ಮಾಲೀಕ ಸಿದ್ದರಾಯನ ಬಳಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರ ಜಗಳಾಡಿ ಬಿಟ್ಟುಹೋಗಿದ್ದ. ಹೊಸ ನಾಟಕದಲ್ಲಿ ಮಗ ಸಾಯುವ ದೃಶ್ಯಕ್ಕೆ ಟೇಪಿನಲ್ಲೇ ಸಂಗೀತ ಮಾಡಿಕೊಡುತ್ತೇನೆಂದು ಅಂಬಾದಾಸ ಒಪ್ಪಿಕೊಂಡಿದ್ದ. ಊರಿಗೆ ಮರಳಲು ಬಬಲೇಶ್ವರದ ಬಸ್ಸು ಹಿಡಿಯುವ ಮುಂಚೆ, ಇಳಿಹೊತ್ತಿಗೆ, ಸಿದ್ದರಾಯ ಬಂದು ಕೇಳುವವನಿದ್ದ. ರುಕ್ಮವ್ವ ಬೆಳಿಗ್ಗೆ ಟಿಕೋಟಾದ ತವರಿಗೆ ಹೊರಡುವಾಗ ಹೊಸ್ತಿಲ ಮೇಲೆ ನಿಂತು ತೀರ್ಪು ಹೇಳಿಯೇ ಹೋಗಿದ್ದಳು.

"ಸಿದ್ದರಾಯಪ್ಪ ಹೂಂ ಅಂದ್ರ ಈ ಡಬ್ಬಿ ಮನ್ಯಾಗಿರ್ಲಿ. ಊಹೂಂ ಅಂದ್ರ ಡಬ್ಬಿ ತಿಪ್ಪಿಗಿ, ನೀವು ನಮ್ಮಣ್ಣನ ಹಿಟ್ಟಿನ ಗಿರಣಿಗಿ."

ಅಂಬಾದಾಸ ಹಾಡು ಕಟ್ಟುವ ರೀತಿ ಕೌದಿ ಹೊಲಿಯುವ ರೀತಿಯೇ. ಅವನ ಬಳಿ ಎರಡು ಟೇಪ್ ರೆಕಾರ್ಡರುಗಳಿದ್ದವು. ಮೊದಲು ಶ್ರುತಿಯೊಂದನ್ನೇ ಮೈಕಿನಿಂದ ಒಂದರಲ್ಲಿ ಹಿಡಿಯುವುದು. ಅದನ್ನು ಎರಡನೆಯದಕ್ಕೆ ಇಳಿಸುವಾಗ ಡಬ್ಬಿಯಿಂದ ನೇರ ವೈರು ಎಳೆದು ರಾಗವನ್ನು ಮೇಲೆ ಸೇರಿಸುವುದು. ಪದರದ ಮೇಲೆ ಪದರ. ಆದರೆ ಕೌದಿಯ ಹೊಲಿಗೆಯನ್ನಾದರೂ ಬಿಚ್ಚಬಹುದು, ಟೇಪಿನಲ್ಲಿ ಸೇರಿದ್ದು ಸೇರಿದ್ದೇ. ಹಿಂದಿನ ದಿನ ಮಾಡಿದ ಟೇಪಿನಲ್ಲಿ ರೈಲು ಕೂಗಿತ್ತು, ಪಕ್ಕದ ಮನೆಯ ಹಾಜಿರಾಬಿ ಒಂದು ಬುಟ್ಟಿ ರೊಟ್ಟಿ ಬಡಿದಿದ್ದಳು. ಅದಕ್ಕೇ ಗೋಡೆಗಳಿಗೆಲ್ಲ ಕೌದಿ ತೂಗುಬಿಟ್ಟು ಸದ್ದು ತಡೆಯಬೇಕೆಂದು ಅವನು ಹೊರಟದ್ದು.

ಮೊದಲು ಎದುರುಮನೆಯ ಮುದುಕವ್ವನಲ್ಲಿ ಕೇಳಿದ. ಓಣಿಯಲ್ಲಿ ಯಾರು ಸತ್ತರೂ ಹಾಡಾಡಿಕೊಂಡು ಅಳಲು ಆಕೆಯನ್ನೇ ಕರೆಯುತ್ತಿದ್ದರು.

"ಇಂಥಾ ಬಿಸಲಾಗ ಕೌದಿ ಯಾಕೋ ತಮ್ಮಾ? ಚಳಿಜ್ವರ ಬಂದಾವೇನ?"

ಶ್ರುತಿ, ಮೈಕು, ವೈರು ಎಂದೆಲ್ಲ ಹೇಳುತ್ತ ನಿಂತರೆ ಮಧ್ಯಾಹ್ನವಾಗುತ್ತದೆ. ಅಂಬಾದಾಸ ಸುಮ್ಮನೆ ತಲೆಯಾಡಿಸಿದ. ಕೌದಿ ಸಿಕ್ಕಿತು. ಹಾಜಿರಾಬಿ ಕೇಳಿದಾಗಲೂ ತಲೆಯಾಡಿಸಿದ. ಅಲ್ಲಿಯೂ ಸಿಕ್ಕಿತು. ನಾಲ್ಕು ಮನೆ ದಾಟುವಷ್ಟರಲ್ಲಿ ಅವನು ಕೇಳುವ ಮೊದಲೇ ಕೌದಿಗಳು ಹೊರಗೆ ಬರತೊಡಗಿದವು. ಕೊಟ್ಟವರೆಲ್ಲ ಒಂದು ಕೈ ದೂರದಿಂದ ಕೊಟ್ಟರು.

ಅವನು ಕೋಣೆಗೆಲ್ಲ ಕೌದಿ ಹೊಚ್ಚಿ ಕೂತು ಡಬ್ಬಿಯ ಗುಂಡಿ ತಿರುವಿದ್ದೇ ತಡ, ಹಾಜಿರಾಬಿ ಶುಂಠಿ ಕಷಾಯ ತಂದು ಕದ ಬಡಿದಳು. ಕುಡಿದು ಕಳಿಸಿ ಮತ್ತೆ ಕೂತರೆ, ಆಕೆಯ ಗಂಡ ಕಾಸಿಮಸಾಬ ತನ್ನ ಸೈಕಲ್ ಅಂಗಡಿ ಬಿಟ್ಟು ಬಂದು, ಡಾಕ್ಟರನ್ನು ಕರೆಯಲೇ ಎಂದು ವಿಚಾರಿಸಿದ. ಬೇಡವೆಂದು ಕಳಿಸಿದರೆ, ಮುದುಕವ್ವ ಪಾದಕ್ಕೆ ಶಾಖ ಕೊಡಲು ಕಾದ ಇಟ್ಟಿಗೆ ಹೊತ್ತುಕೊಂಡು ಬಂದಳು. ಅಷ್ಟು ಕೌದಿಗಳ ನಡುವೆ ಅಂಬಾದಾಸ ಬೆವೆತು ನೀರಾಗಿದ್ದ. ಅದನ್ನು ಕಂಡ ಮುದುಕವ್ವನಿಗೆ ಜ್ವರ ನೆತ್ತಿಗೇರಿದೆ ಎಂಬುದು ಖಾತ್ರಿಯಾಯಿತು. ಅವನು ಕದಕ್ಕೆ ಒಳಗಿನಿಂದ ಅಗಳಿ ಹಾಕಿ, ಇನ್ನು ಯಾರೇ ಬಡಿದರೂ ತೆಗೆಯಬಾರದೆಂದು ನಿಶ್ಚಯಿಸಿದ.

ಶ್ರುತಿಯ ಪದರ ಅದ್ಭುತವಾಗಿ ಬಂತು. ಡಬ್ಬಿ ದೀರ್ಘವಾಗಿ, ಆಳವಾಗಿ ನರಳಿತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದವರು ಅದನ್ನು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಸಿಮಸಾಬ ಎದ್ದು ಹೋಗಿ ಟಿಕೋಟಾ ಬಸ್ಸಿನ ಕಂಡಕ್ಟರನಿಗೆ, ರುಕ್ಮವ್ವನಿಗೆ ತಿಳಿಸು, ಮನುಷ್ಯ ಬಹಳ ಕಷ್ಟದಲ್ಲಿದ್ದಾನೆ ಎಂದು ಹೇಳಿ ಬಂದ.

ಇನ್ನು ರಾಗದ ಪದರ. ಅದು ವೈರಿನಲ್ಲೇ ಹೋಗುವುದರಿಂದ ಹೊರಗೆ ಸದ್ದು ಬರುವುದಿಲ್ಲ. ಡಬ್ಬಿಯ ರಾಗ ತನಗಷ್ಟೇ ಕೇಳಲೆಂದು ಅಂಬಾದಾಸ ಹಳೇ ಟೆಲಿಫೋನಿನ ಬಟ್ಟಲುಗಳನ್ನು ಕಿವಿಗೆ ಕಟ್ಟಿಕೊಂಡ. ಇನ್ನು ಯಾರೂ ತೊಂದರೆ ಕೊಡಬಾರದೆಂದು ಡಬ್ಬಿಯ ಸಮೇತ ನೆಲದ ಮೇಲೆ ಮಲಗಿ ತಲೆಯಿಂದ ಕಾಲಿನವರೆಗೆ ಒಂದು ಕೌದಿ ಹೊದ್ದುಕೊಂಡ. ಕಿಟಕಿಯ ಸರಳಿಗೆ ತೂಗುಹಾಕಿದ್ದ ಮೈಕಿನ ಗುಂಡಿಯನ್ನು ಇಳಿಸುವುದೊಂದನ್ನು ಮರೆತ.

ನರಳಾಟ ನಿಂತಿತು. ಹೊರಗಿನವರಿಗೆ ಅದು ತಡೆದುಕೊಳ್ಳಲಾರದ ಮೌನ. ಕದ ಬಡಿದರೂ ಉತ್ತರವಿಲ್ಲ. ಮುದುಕವ್ವ ಕಿಟಕಿಯ ಸರಳಿನೊಳಗೆ ಕೈಹಾಕಿ ಕೌದಿಯ ಮೂಲೆ ಸರಿಸಿ ಇಣುಕಿದಳು. ನೆಲದ ಮೇಲೆ ಮುಸುಕು ಹಾಕಿದ ಆಕಾರವೊಂದು ಮಿಸುಕದೆ ಬಿದ್ದಿತ್ತು. ಆಕೆ ಅಲ್ಲಿಯೇ, ಮೈಕಿಗೆ ಬಾಯಿ ಹಚ್ಚಿದಷ್ಟು ಹತ್ತಿರದಲ್ಲಿ, ಕುಸಿದು ಕೂತು ಸ್ವರ ಎತ್ತಿದಳು. ಇಷ್ಟು ಹೊತ್ತೂ ಕೇಳಿದ ಆ ನರಳಾಟದ ಶ್ರುತಿ ಕಿವಿಯಲ್ಲೇ ಉಳಿದಿದ್ದರಿಂದ, ಅಳು ಸರಿಯಾಗಿ ಅದೇ ಶ್ರುತಿಗೆ ಕೂತಿತು.

"ಊರ ರೇಡಿಯೋ ಬಿಚ್ಚಿದ್ಯೋ ನನ ಮಗನಾ, ಒಂದಾರ ಮುಚ್ಚಿದ್ಯೇನೋ ನನ ಮಗನಾ, ನನ್ನ ರೇಡಿಯೋ ಕೊಡದs ಹೋದ್ಯೋ ನನ ಮಗನಾ..."

ಹಾಜಿರಾಬಿಯ ಬಿಕ್ಕಳಿಕೆ ನಡುನಡುವೆ ತಾಳದಂತೆ ಬಿದ್ದಿತು.

ಕೊನೆಗೆ ಕಾಸಿಮಸಾಬ ಭುಜ ಕೊಟ್ಟು ಕದ ಮುರಿದ. ಅದೇ ಹೊತ್ತಿಗೆ ರಾಗ ಮುಗಿಸಿದ ಅಂಬಾದಾಸ ಕೌದಿ ಸರಿಸಿ ಎದ್ದು ಕೂತ. ಮುಂದಿನ ಎರಡು ನಿಮಿಷ ಓಣಿಯಲ್ಲಿ ಯಾರು ಯಾವ ದಿಕ್ಕಿಗೆ ಓಡಿದರೆಂದು ಹೇಳುವುದು ಕಷ್ಟ. ಮರಳಿ ಬಂದವರೆಲ್ಲರಿಗೂ ಸಿಟ್ಟು ಬಂದಿತ್ತು, ಮುದುಕವ್ವನಿಗೆ ಎಲ್ಲರಿಗಿಂತ ಹೆಚ್ಚು. ತಾನು ಅತ್ತದ್ದೆಲ್ಲ ದಂಡವಾಯಿತಲ್ಲ ಎಂದು ಆಕೆ ಬೈಯುತ್ತಿರುವಾಗಲೇ ಸಿದ್ದರಾಯ ಛತ್ರಿ ಮಡಚುತ್ತ ಒಳಗೆ ಬಂದ.

ತಾನೇ ಒಮ್ಮೆ ಕೇಳಿ ನೋಡಲು ಅಂಬಾದಾಸನಿಗೆ ಪುರಸೊತ್ತು ಸಿಗಲಿಲ್ಲ. ಎಲ್ಲರೆದುರು ಟೇಪ್ ಹಚ್ಚಿದ. ಶ್ರುತಿ ನರಳಿತು, ರಾಗ ಕುಂಯ್‌ಗುಟ್ಟಿತು, ಇವೆರಡರ ಮೇಲೆ ಮುದುಕವ್ವನ ದನಿ ಮನೆಯ ಮಾಡು ಹಾರಿಹೋಗುವಂತೆ ಎದ್ದಿತು. ಅಂಬಾದಾಸನ ಕಣ್ಣ ಮುಂದೆ ಹಿಟ್ಟಿನ ಗಿರಣಿಯ ಪಟ್ಟಿ ಗರಗರ ತಿರುಗಿತು. ಆರಿಸಲು ಕೈ ಚಾಚಿದ. ಸಿದ್ದರಾಯ ಆ ಕೈ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು.

"ಹೂಂ," ಎಂದ ಸಿದ್ದರಾಯ. "ಹಿಂಗ ಇರಬೇಕ ನೋಡ್ರಿ ಅಳೂದಂದ್ರ. ಆದ್ರ ಅದರ ಕೆಳಗ ಏನೋ ಕುಂಯ್ ಕುಂಯ್ ಅಂತೈತಲ್ಲ, ಅದನ್ನಷ್ಟ ತಗೀರಿ."

ಸೇರಿದ್ದನ್ನು ಬಿಡಿಸಲು ಬರುವುದಿಲ್ಲವೆಂದು ಅಂಬಾದಾಸ ಸಣ್ಣ ದನಿಯಲ್ಲಿ ಹೇಳಿದ. ಹಾಗಾದರೆ ಬರೀ ಅಳುವನ್ನೇ ಹೊಸದಾಗಿ ತುಂಬಿಕೊಡಿ, ಕೊನೆಯ ಬಸ್ಸಿನವರೆಗೆ ಕಾಯುತ್ತೇನೆ, ಇನ್ನು ಮುಂದೆ ಮಂಡಳಿಯ ಎಲ್ಲ ನಾಟಕಕ್ಕೂ ಇಲ್ಲಿಂದಲೇ ಟೇಪು ಎಂದ ಸಿದ್ದರಾಯ. ಅಳುವಿನಲ್ಲಿ ರೇಡಿಯೋ ಬರುತ್ತದಲ್ಲ ಎಂದು ಕಾಸಿಮಸಾಬ ಕೇಳಿದ್ದಕ್ಕೆ, ನಾಟಕದ ಹುಡುಗನಿಗೆ ರೇಡಿಯೋ ಅಂಗಡಿ ಹಾಕಿಸಿದರಾಯಿತು ಎಂದು ಅಲ್ಲಿಯೇ ಕತೆಯನ್ನೂ ತಿದ್ದಿದ.

ಮುದುಕವ್ವ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಹೆಣಾ ಕಾಣದs ನನಗ ಅಳು ಬರಾಂಗಿಲ್ಲ," ಎಂದಳು.

ಆಗ ಬಾಗಿಲಲ್ಲಿ ರುಕ್ಮವ್ವ ಕಾಣಿಸಿದಳು. ಟಿಕೋಟಾದಿಂದ ದಾರಿಯುದ್ದಕ್ಕೂ ಅತ್ತು ಬಂದಿದ್ದ ಅವಳು, ಗಂಡ ನೆಟ್ಟಗೆ ಕೂತಿರುವುದನ್ನು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಏನಾಯಿತೆಂದು ಹಾಜಿರಾಬಿಯಿಂದ ಪೂರಾ ತಿಳಿದುಕೊಂಡಳು. ಸಿದ್ದರಾಯ ಹೂಂ ಅಂದದ್ದು ಹೌದೇ ಎಂದು ಎರಡು ಸಲ ಕೇಳಿದಳು. ಆಮೇಲೆ ಕೊಟ್ಟ ಮಾತಿನಂತೆ ಡಬ್ಬಿಯನ್ನು ಮನೆಯಲ್ಲೇ ಇಟ್ಟಳು; ವೈರು ಕಿತ್ತು, ಅಟ್ಟದ ಮೇಲೆ, ಒನಕೆಯ ಪಕ್ಕ. ಯಾವ ಗುಂಡಿ ಒತ್ತಿದರೆ ಟೇಪಿಗೆ ಸದ್ದು ತುಂಬುತ್ತದೆಂದು ಗಂಡನಿಂದಲೇ ಕೇಳಿ ಕಲಿತು, ಮೈಕಿನ ಮುಂದೆ ಮುದುಕವ್ವನಿಗೆ ಮಣೆ ಹಾಕಿದಳು.

ಕೊನೆಗೆ ಎಲ್ಲಕ್ಕಿಂತ ದಪ್ಪನೆಯ ಕೌದಿ ಹುಡುಕಿ ತಂದು ನೆಲದ ಕಡೆ ಕೈ ತೋರಿಸಿದಳು.

ಅಂಬಾದಾಸ ಮಲಗಿದ. ಕೌದಿ ಮುಖದ ಮೇಲೆ ಬಂತು. ಗುಂಡಿ ಒತ್ತಿದ ಸದ್ದು ಕೇಳಿಸಿತು. ಮುದುಕವ್ವ ದನಿ ಎತ್ತಿ, ಅವನು ಹುಟ್ಟಿದಾಗಿನಿಂದ ಮಾಡಿದ ತಪ್ಪುಗಳನ್ನೆಲ್ಲ ಒಂದೊಂದಾಗಿ ಹಾಡತೊಡಗಿದಳು. ಹೊರಗೆ ಓಣಿಯೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ರೈಲು ಕೂಡ ಕೂಗಲಿಲ್ಲ. ಒಳಗೆ ಹಳೇ ಹತ್ತಿಯ ಧೂಳು ಅಂಬಾದಾಸನ ಗಂಟಲಿಗೆ ಇಳಿಯಿತು. ತಡೆದ, ತಡೆದ, ಕೊನೆಗೆ ಕೆಮ್ಮಿಬಿಟ್ಟ.

ಅಳು ನಿಂತಿತು.

"ಬಿದ್ಕೊಳ್ಳಲೇ ಸುಮ್ನ," ಎಂದಳು ಮುದುಕವ್ವ. "ಸತ್ತಾವ ಕೆಮ್ಮತಾನೇನ? ರುಕ್ಮಾ, ಮದಲಿಂದ ಹಚ್ಚ ಬೇ."