ದಿಲ್ಲಿಯ ಐವರು, ಬೇವೂರಿನ ಐದು ಎಕರೆ

ಕೋರ್ಟಿನೊಳಗೆ ನಗಬಾರದು ಅಂತ ನಿಯಮ ಇರುವುದರಿಂದಲೋ ಏನೋ, ನಗು ತರಿಸುವ ಪ್ರಸಂಗಗಳೆಲ್ಲ ಅಲ್ಲಿಯೇ ನಡೆಯುತ್ತವೆ. ಮೂವತ್ತು ವರ್ಷದಿಂದ ಯಲಬುರ್ಗಾದಲ್ಲಿ ಒಬ್ಬ ವಕೀಲ ಸಾಹೇಬರ ಬಳಿ ಗುಮಾಸ್ತನಾಗಿದ್ದೇನೆ. ಬಾಯಿಗೆ ಫೈಲು ಅಡ್ಡ ಹಿಡಿದುಕೊಂಡು ಹೊರಗೆ ಓಡಿಬಂದು ನಕ್ಕ ದಿನಗಳಿಗೆ ಲೆಕ್ಕವಿಲ್ಲ. ಮಂದಿ ತಮ್ಮ ತಮ್ಮ ನೌಕರಿಯನ್ನು ಬೈದುಕೊಳ್ಳುವಾಗ ನನಗೆ ನನ್ನದರ ಮೇಲೆ ಪ್ರೀತಿ ಉಕ್ಕುತ್ತದೆ. ಅದರಲ್ಲೂ ಬೇವೂರಿನ ಅಕ್ಕ-ತಮ್ಮನ ದಾವೆ ದಿಲ್ಲಿಯವರೆಗೆ ಹೋದ ಕಾಲಕ್ಕೆ ನಾನು ಈ ಕೆಲಸದಲ್ಲಿದ್ದೆನಲ್ಲ, ಅದು ನನ್ನ ಪುಣ್ಯ.

ನೋಟುಪುಸ್ತಕದ ಸಾಹೇಬರು

ಗುಮಾಸ್ತರಿಗೆ ಒಂದು ಚಟ. ಹೊಸ ನ್ಯಾಯಾಧೀಶರು ಬಂದ ಎಂಟು ದಿನದೊಳಗೆ ಅವರು ಯಾರ ಕಡೆ ಅಂತ ಗೊತ್ತು ಮಾಡಿಕೊಳ್ಳದಿದ್ದರೆ ಊಟ ಸೇರುವುದಿಲ್ಲ. ನಾನಂತೂ ಅದಕ್ಕೊಂದು ನೋಟುಪುಸ್ತಕವನ್ನೇ ಇಟ್ಟಿದ್ದೆ. ‘ರೈತರ ಕಡೆ’, ‘ಸರಕಾರದ ಕಡೆ’, ‘ಹೆಣ್ಣುಮಕ್ಕಳ ಕಡೆ’, ‘ಕಾಗದದ ಕಡೆ’ ಅಂತ ಒಬ್ಬೊಬ್ಬರ ಮುಂದೆ ಒಂದೊಂದು ಷರಾ ಬರೆಯುತ್ತಿದ್ದೆ.

ಒಮ್ಮೆ ಒಬ್ಬ ಮೇಡಂ ವರ್ಗವಾಗಿ ಬಂದರು. ಮೊದಲನೇ ದಿನ ಬೆಳಿಗ್ಗೆ ಹುಬ್ಬು ಗಂಟು ಹಾಕಿಕೊಂಡು ಎಲ್ಲರನ್ನೂ ದುರುಗುಟ್ಟಿ ನೋಡಿದರು. ಮಧ್ಯಾಹ್ನ ಊಟದ ನಂತರ ಮುಖ ತಿಳಿಯಾಗಿತ್ತು. ‘ಬೆಳಿಗ್ಗೆ ಕಡಕ್, ಮಧ್ಯಾಹ್ನ ಮೆತ್ತಗೆ’ ಅಂತ ಬರೆದುಕೊಂಡೆ. ಸುದ್ದಿ ಹಬ್ಬಿತು. ಎರಡು ವರ್ಷ ಯಾವ ವಕೀಲರೂ ಬೆಳಗಿನ ಹೊತ್ತು ಅವರ ಮುಂದೆ ಮುಂದಿನ ತಾರೀಖು ಕೇಳುವ ಧೈರ್ಯ ಮಾಡಲಿಲ್ಲ. ಬೆಳಗಿನ ಕೇಸುಗಳೆಲ್ಲ ಸರಸರ ಮುಗಿದವು.

ಬೀಳ್ಕೊಡುವ ದಿನ ಮೇಡಂ ಕಣ್ಣು ಒರೆಸಿಕೊಂಡು, "ಇಷ್ಟು ಶಿಸ್ತಿನ ವಕೀಲರನ್ನು ನಾನು ಬೇರೆ ಎಲ್ಲಿಯೂ ಕಾಣಲಿಲ್ಲ" ಅಂದರು. ನಾನು ಚಹಾ ಕೊಡುವ ನೆಪದಲ್ಲಿ ಹತ್ತಿರ ಹೋಗಿ, "ಮೇಡಮ್ಮಾರ, ಮೊದಲನೇ ದಿನ ಭಾಳ ಸಿಟ್ಟಿನ್ಯಾಗ ಇದ್ರಿ" ಅಂತ ಕೆದಕಿದೆ.

"ಸಿಟ್ಟಲ್ರೀ, ಕನ್ನಡಕ ಕೊಪ್ಪಳದಲ್ಲೇ ಬಿಟ್ಟು ಬಂದಿದ್ದೆ. ಮಧ್ಯಾಹ್ನ ತರಿಸಿಕೊಂಡೆ" ಅಂದರು.

ಒಂದು ಕನ್ನಡಕ ಮರೆತದ್ದಕ್ಕೆ ನಮ್ಮ ತಾಲೂಕಿಗೆ ಎರಡು ವರ್ಷ ಬೇಗ ನ್ಯಾಯ ಸಿಕ್ಕಿತು. ಇಷ್ಟಾದರೂ ನಾನು ನೋಟುಪುಸ್ತಕ ಬಿಡಲಿಲ್ಲ.

ಸೀಟು ಹಿಡಿದ ಎದುರುದಾರ

ಬೇವೂರಿನ ಆ ಅಕ್ಕನಿಗೆ ಅರವತ್ತು ದಾಟಿತ್ತು. ಗಂಡ ತೀರಿಹೋದ ಮೇಲೆ ತವರೂರಿಗೆ ಬಂದು, ಎರಡು ಎಮ್ಮೆ ಕಟ್ಟಿಕೊಂಡು ಬೇರೆ ಮನೆ ಮಾಡಿದ್ದರು. ಮೇವಿಗೆ ಮಾತ್ರ ಪರರ ಬದುವೇ ಗತಿ. ಹೋದಲ್ಲೆಲ್ಲ ಒಬ್ಬರಲ್ಲ ಒಬ್ಬರು ಎಬ್ಬಿಸಿ ಕಳಿಸುತ್ತಿದ್ದರು. ಅಪ್ಪನ ಐದು ಎಕರೆ ಎರೆ ಹೊಲ ಪೂರ್ತಿ ತಮ್ಮನ ಹೆಸರಿನಲ್ಲಿತ್ತು. "ನನ್ನ ಹೆಸರಿನ ಬದುವಿನ ಮ್ಯಾಲ ಕುಂತು ಹುಲ್ಲು ಕೊಯ್ಬೇಕ್ರಿ. ಏಳು ಅನ್ನಾವ್ರು ಯಾರೂ ಇರಬಾರ್ದು" ಅಂತ ಅವರು ನಮ್ಮ ಸಾಹೇಬರ ಮುಂದೆ ಹೇಳಿದ್ದು ನನಗೆ ಇನ್ನೂ ನೆನಪಿದೆ.

ತಮ್ಮನೂ ಕೆಟ್ಟವನಲ್ಲ. "ಅಪ್ಪ ಸಾಯೂ ಮುಂದ ಹೊಲ ಮಗಗ ಅಂತ ಬಾಯಿಲೆ ಹೇಳ್ಯಾನ. ಅಪ್ಪನ ಮಾತು ನಾ ಹೆಂಗ ಸುಳ್ಳು ಮಾಡ್ಲಿ?" ಅನ್ನುವುದು ಅವನ ಹಟ. ಬಾಯಿಮಾತಿನ ಪಾಲಿಗೆ ಬೆಲೆ ಉಂಟೋ ಇಲ್ಲವೋ ಎಂಬುದೇ ದಾವೆ.

ತಾರೀಖಿನ ದಿನ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದರು. ಬಸ್ಸು ನಿಲ್ಲುವ ಮೊದಲೇ ತಮ್ಮ ಓಡಿಹೋಗಿ ಕಿಟಕಿಯೊಳಗೆ ಟವಲ್ಲು ಎಸೆದು ಸೀಟು ಹಿಡಿಯುತ್ತಿದ್ದ. ಆ ಸೀಟಿನಲ್ಲಿ ಅಕ್ಕ ಕೂರುವುದು, ಅಕ್ಕನ ಚೀಲ ಹಿಡಿದುಕೊಂಡು ಇವನು ಯಲಬುರ್ಗಾದವರೆಗೆ ನಿಂತು ಬರುವುದು. ಕೋರ್ಟಿನ ಬಾಗಿಲಲ್ಲಿ ಚೀಲ ಕೊಟ್ಟು ಎದುರು ಬದಿಗೆ ಹೋಗಿ ನಿಲ್ಲುತ್ತಿದ್ದ.

ಒಂದು ದಿನ ತಡೆಯಲಾರದೆ ಕೇಳಿದೆ. "ಅಕ್ಕಾರ, ಎದುರುದಾರ ಹಿಡದ ಸೀಟಿನ್ಯಾಗ ಕುಂತು ಬರ್ತೀರಲ್ರಿ?"

"ತಕರಾರು ಹೊಲದ್ದೈತ್ರಿ" ಅಂದರು ಅಕ್ಕ. "ಸೀಟಿಂದೇನೂ ಇಲ್ಲ."

ಕಾಳು ನೋಡಿ ಗುಣ ಹೇಳುವವರು

ಯಲಬುರ್ಗಾದಲ್ಲಿ ಅಕ್ಕ ಗೆದ್ದರು, ಕೊಪ್ಪಳದಲ್ಲಿ ತಮ್ಮ ಗೆದ್ದ, ಧಾರವಾಡದಲ್ಲಿ ಮತ್ತೆ ಅಕ್ಕ. ತಮ್ಮ ದಿಲ್ಲಿಗೆ ಹೋದ. ಅಲ್ಲಿ ದೇಶದ ನಾನಾ ಕಡೆಯಿಂದ ಬಂದ ಇಂಥವೇ ಕೇಸುಗಳ ಜೊತೆ ಇದನ್ನೂ ಸೇರಿಸಿ ಐವರು ನ್ಯಾಯಮೂರ್ತಿಗಳ ಮುಂದಿಟ್ಟರು.

ನನಗೆ ಹಬ್ಬವೇ ಆಯಿತು. ಪೇಪರಿನಲ್ಲಿ ಬಂದದ್ದನ್ನೆಲ್ಲ ಓದಿ, ಐವರನ್ನೂ ನೋಟುಪುಸ್ತಕಕ್ಕೆ ಇಳಿಸಿದೆ. ಇಬ್ಬರು ಹೊಸ ಕಾಲದವರು, ಹೆಣ್ಣುಮಕ್ಕಳ ಕಡೆ. ಇಬ್ಬರು ಹಳೇ ಕಾಲದವರು, ಹಿರಿಯರ ಮಾತಿನ ಕಡೆ. ಒಬ್ಬರು ನಡುವೆ. ಕೋರ್ಟಿನ ಎದುರಿನ ಚಹಾದ ಅಂಗಡಿಯವ ಬಜ್ಜಿಯ ದರ ಬರೆಯುವ ಹಲಗೆಯ ಮೇಲೆಯೇ ‘ಅಕ್ಕ 2, ತಮ್ಮ 2, ನಡುವ 1’ ಅಂತ ಬರೆದುಬಿಟ್ಟ. ಅಕ್ಕ ಆ ಹಲಗೆ ನೋಡಿ, "ಈ ನಡುವಿನವರಿಗೆ ಅಕ್ಕ-ತಂಗಿ ಎಷ್ಟು ಮಂದಿ ಅದಾರ್ರಿ?" ಅಂತ ಕೇಳಿದರು. ಪೇಪರಿನವರು ಅದೊಂದನ್ನು ಬರೆದಿರಲಿಲ್ಲ.

ಗಂಗಾವತಿಯ ಅಕ್ಕಿ ದಲಾಲರೊಬ್ಬರು ನಮ್ಮ ಕಕ್ಷಿದಾರರು. ಅವತ್ತು ಅಲ್ಲೇ ಕೂತಿದ್ದರು. "ಪೇಪರ್ ಓದಿ ಏನು ಹೇಳ್ತೀರಿ? ಫೋಟೋ ತೋರಸ್ರಿ. ಅಂಗೈಯಾಗ ಹಿಡಿ ಭತ್ತ ತಿಕ್ಕಿ ಗುಣ ಹೇಳಾವ ನಾನು" ಅಂದರು. ಪೇಪರಿನ ಫೋಟೋವನ್ನು ಬೆಳಕಿಗೆ ಹಿಡಿದು ಒಬ್ಬೊಬ್ಬರನ್ನೇ ನೋಡಿದರು. "ಇವರು ಹಳೇ ಅಕ್ಕಿ, ಬೇಯಾಕ ಹೊತ್ತು ಹಿಡಿತೈತಿ. ಇವರು ಹೊಸಾ ಅಕ್ಕಿ, ಲಗೂನ ಮೆತ್ತಗಾಗ್ತಾರ. ಈ ನಡುವಿನವರು ಖರೇ ಸೋನಾಮಸೂರಿ. ಕಣ್ಣು ಮುಚ್ಚಿ ನಂಬ್ರಿ, ಅಕ್ಕಾರಿಗೆ ಮೂರು."

ಅಕ್ಕನ ಮುಖ ಅರಳಿತು, ತಮ್ಮನ ಮುಖ ಸಣ್ಣದಾಯಿತು. ದಲಾಲರು ಎದ್ದು ಹೋದ ಮೇಲೆ ತಮ್ಮ ನನ್ನ ಕಿವಿಯಲ್ಲಿ, "ಭಾಳ ಅನುಭವಸ್ಥರು ಕಾಣ್ತಾರ. ಅವರ ದಾವೆ ಏನ್ರಿ?" ಅಂದ.

ಹೇಳಬೇಕೋ ಬೇಡವೋ ಅಂತ ಯೋಚಿಸಿ ಹೇಳಿದೆ. "ಭತ್ತದ ಗುಣ ತಪ್ಪು ಹೇಳ್ಯಾರಂತ ಮಿಲ್ಲಿನವರು ಹಾಕಿದ್ದು."

ಫೋನಿನ ಮುಂದೆ ಎದ್ದು ನಿಂತವರು

ವಿಚಾರಣೆಯನ್ನು ಫೋನಿನಲ್ಲೇ ನೋಡಬಹುದು ಅಂತ ಸಾಹೇಬರು ಹೇಳಿದಾಗ ಯಾರೂ ನಂಬಲಿಲ್ಲ. ಆ ದಿನ ಚಹಾದ ಅಂಗಡಿಯವ ಸಕ್ಕರೆ ಡಬ್ಬಿಗೆ ಫೋನು ಆನಿಸಿಟ್ಟ. ಐವರು ನ್ಯಾಯಮೂರ್ತಿಗಳು ಒಳಗೆ ಬಂದರು. ತಮ್ಮ ತಟ್ಟನೆ ಎದ್ದು, ತಲೆಯ ಟವಲ್ಲು ತೆಗೆದು ಕೈಕಟ್ಟಿ ನಿಂತ. ಅಕ್ಕ ಸೆರಗು ಹೊದ್ದು ನಿಂತರು. ಅವರನ್ನು ನೋಡಿ ಬಜ್ಜಿ ತಿನ್ನುತ್ತಿದ್ದವರೂ ನಿಂತರು. ಬಾಯೊಳಗಿನ ಬಜ್ಜಿಯನ್ನು ಅಗಿಯಬಹುದೋ ಇಲ್ಲವೋ ತಿಳಿಯದೆ ಒಬ್ಬಾತ ಹಾಗೆಯೇ ಕೆನ್ನೆಯುಬ್ಬಿಸಿಕೊಂಡಿದ್ದ. ದಿಲ್ಲಿಯಲ್ಲಿ ಅವರು ಕುಳಿತ ಮೇಲೆಯೇ ಇಲ್ಲಿ ನಾವು ಕುಳಿತದ್ದು.

ವಾದವೆಲ್ಲ ಇಂಗ್ಲಿಷು. ಸಾಹೇಬರು ತಿಳಿದಷ್ಟು ಬಿಡಿಸಿ ಹೇಳುತ್ತಿದ್ದರು. ನಡುವಿನ ನ್ಯಾಯಮೂರ್ತಿಗಳು ಏನೋ ಕೇಳಲು ಬೆರಳೆತ್ತಿದರು. ಎತ್ತಿದ ಬೆರಳು ಇಳಿಯಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ರೆಪ್ಪೆ ಸಹ ಬಡಿಯುತ್ತಿಲ್ಲ.

"ಎಷ್ಟು ಆಳಕ್ಕ ಇಳದಾರ ನೋಡ್ರಿ" ಅಂದ ತಮ್ಮ, ಪಿಸುಮಾತಿನಲ್ಲಿ.

"ನಮ್ಮಂಥವ್ರ ಸಲುವಾಗಿ ಯಾರು ಇಷ್ಟು ವಿಚಾರ ಮಾಡ್ತಾರೋ" ಅಂತ ಅಕ್ಕನ ಕಣ್ಣಲ್ಲಿ ನೀರು ಬಂತು. ಅಂಗಡಿಯವ ಸಪ್ಪಳವಾಗುತ್ತದೆಂದು ಸ್ಟೋವನ್ನೂ ಆರಿಸಿದ. ಐದು ನಿಮಿಷ ಇಡೀ ಅಂಗಡಿ ಉಸಿರು ಬಿಗಿಹಿಡಿದಿತ್ತು. ನ್ಯಾಯದೇವತೆಗೆ ಅಂಥ ಭಕ್ತಿಯನ್ನು ನಾನು ಕೋರ್ಟಿನೊಳಗೂ ಕಂಡಿಲ್ಲ.

ಕೊನೆಗೆ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ನೆಟ್ ಹೋಗೈತ್ರೋ" ಅಂದರು.

ಅಂಗಡಿಯವ ಮತ್ತೆ ಸ್ಟೋವು ಹಚ್ಚಿದ. ಅಕ್ಕ ಮಾತ್ರ ಫೋನಿಗೆ ಕೈಮುಗಿದು, "ಆಗ್ಲಿ ಬಿಡ್ರಿ. ನೆಟ್ ಬಂದ ಮ್ಯಾಲೂ ಇಷ್ಟ ವಿಚಾರ ಮಾಡಿದ್ರ ಸಾಕು" ಅಂದರು.

ತೀರ್ಪಿನ ದಿನ

ಕೆಲವು ತಿಂಗಳ ನಂತರ ತೀರ್ಪು ಬಂತು. ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಅಕ್ಕ ಗೆದ್ದರು. ಆದರೆ ಯಾರು ಯಾವ ಕಡೆ ಅಂತ ಸಾಹೇಬರು ಓದಿದಾಗ ನನಗೆ ಕೂತಲ್ಲೇ ಬೆವರು ಬಂತು.

‘ತಮ್ಮ’ ಅಂತ ನಾನು ಬರೆದಿದ್ದ ಇಬ್ಬರು ಹಳೇ ಕಾಲದವರೂ ಅಕ್ಕನ ಕಡೆ ಇದ್ದರು. ಹಿರಿಯರ ಪದ್ಧತಿಯೇ ದೊಡ್ಡದು, ಹಿರಿಯರು ಪಾಲು ಮಾಡಿದರೆ ನಾಲ್ವರ ಮುಂದೆ ಕಾಗದ ಬರೆಯುತ್ತಿದ್ದರು, ಇಲ್ಲಿ ಕಾಗದ ಎಲ್ಲಿದೆ ಅಂತ ಕೇಳಿದ್ದರು. ನಾನು ಕಣ್ಣುಮುಚ್ಚಿ ‘ಅಕ್ಕ’ ಅಂತ ಬರೆದಿದ್ದ ಇಬ್ಬರಲ್ಲಿ ಒಬ್ಬರು, ಇಷ್ಟು ವರ್ಷ ಹೊಂದಿಕೊಂಡು ಬಂದ ಮನೆಗಳನ್ನು ಈಗ ಕದಡಬಾರದು ಅಂತ ತಮ್ಮನ ಕಡೆ ಹೋಗಿದ್ದರು. ಸೋನಾಮಸೂರಿಯೂ ಅವರ ಜೊತೆಗೇ ಹೋಗಿತ್ತು.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ, "ಐದೂ ಮಂದಿ ಹೆಸರು ಒಂದು ಚೀಟ್ಯಾಗ ಬರದು ಕೊಡ್ರಿ, ಇಟಗಿ ಮಹಾದೇವಗ ಅವರ ಹೆಸರಿನ್ಯಾಗ ಕಾಯಿ ಒಡಸ್ತೀನಿ" ಅಂದರು.

"ನಿಮ್ಮ ವಿರುದ್ಧ ಬರದ ಇಬ್ಬರದೂ ಬೇಕೇನ್ರಿ?"

"ಅವರೂ ನನ್ನ ಕಾಗದ ಓದ್ಯಾರಲ್ರಿ" ಅಂದರು ಅಕ್ಕ. "ಊರಾಗ ಯಾರು ಓದ್ಯಾರ?"

ತಮ್ಮ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನ ಕಡೆ ನಿಂತ ಇಬ್ಬರು ನ್ಯಾಯಮೂರ್ತಿಗಳು ಬರೆದದ್ದನ್ನು ಸಾಹೇಬರು ಅವನಿಗೂ ಕನ್ನಡದಲ್ಲಿ ಹೇಳಿದರು. ಅವನು ಎದೆ ಸೆಟೆಸಿ, "ದಿಲ್ಲ್ಯಾಗ ಇಬ್ಬರು ನಮ್ಮಪ್ಪನ ಮಾತು ನಂಬ್ಯಾರ. ಸಾಕ್ರಿ" ಅಂದ. ಗೆದ್ದವರೂ ಸೋತವನೂ ಒಂದೇ ತೀರ್ಪಿಗೆ ಕೈಮುಗಿದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ನನ್ನ ಲೆಕ್ಕ ಕೆಡಿಸಿದ ಆ ಐವರಿಗೆ ನಾನೂ ಮನಸ್ಸಿನಲ್ಲೇ ಕೈಮುಗಿದೆ.

ನೋಟುಪುಸ್ತಕವನ್ನು ಚಹಾದ ಅಂಗಡಿಯವನಿಗೆ ಕೊಟ್ಟೆ. ಅವನು ಹಾಳೆ ಹರಿದು ಮಿರ್ಚಿ ಕಟ್ಟಿಕೊಟ್ಟ. ಅದರಿಂದ ಒಬ್ಬರಿಗಾದರೂ ಉಪಯೋಗವಾಗಿದ್ದು ಅದೇ ಮೊದಲು.

ಗಡಿಕಲ್ಲು

ಅಕ್ಕ-ತಮ್ಮನಿಗೆ ಸಮಪಾಲು ಅಂತ ಆದೇಶ. ಅಂದರೆ ಎರಡೂವರೆ ಎಕರೆ ಆತನಿಗೆ, ಎರಡೂವರೆ ಈಕೆಗೆ. ಮೋಜಣಿಯ ದಿನ ಸಾಹೇಬರು ನನ್ನನ್ನು ಸರ್ವೇಯರ್ ಜೊತೆ ಬೇವೂರಿಗೆ ಕಳಿಸಿದರು. ತಮ್ಮ ತಕರಾರು ತೆಗೆದರೆ ಏನು ಮಾಡುವುದು ಅಂತ ನನಗೆ ದಾರಿಯುದ್ದಕ್ಕೂ ಪುಕುಪುಕು.

ಹೋಗಿ ನೋಡಿದರೆ ಹೊಲದಲ್ಲಿ ಆಗಲೇ ಗಡಿಕಲ್ಲು ನೆಟ್ಟು, ಸುಣ್ಣ ಬಳಿದಿತ್ತು. ಪಕ್ಕದಲ್ಲಿ ತಮ್ಮ ಹಾರೆ ಹಿಡಿದು ನಿಂತಿದ್ದ. ಸರ್ವೇಯರ್ ಅಳೆದು, "ಇದು ತಪ್ಪೈತಿ. ಒಂದು ಕಡೆ ಮೂರು ಎಕರೆ, ಒಂದು ಕಡೆ ಎರಡು" ಅಂದರು.

ನನಗೆ ಸಿಟ್ಟು ಬಂತು. "ಏನಪಾ ಇದು? ದಿಲ್ಲಿ ತೀರ್ಪು ಬಂದ ಮ್ಯಾಲೂ ಅಕ್ಕಗ ಎರಡು ಕೊಟ್ಟು ನೀ ಮೂರು ಇಟಗೊಂಡಿ?"

"ಯಾರು ಹೇಳಿದ್ರು?" ಅಂದ ತಮ್ಮ. "ಮೂರು ಅಕ್ಕಂದು. ಎರಡು ನಂದು."

"ಯಾಕ?"

"ನೀವ ಹೇಳಿದ್ರಲ್ರಿ? ಮೂರು ಮಂದಿ ಅಕ್ಕನ ಕಡೆ, ಇಬ್ಬರು ನನ್ನ ಕಡೆ. ಐದು ಎಕರೆಕ್ಕ ಐದು ಮಂದಿ ಕುಂದ್ರಸ್ಯಾರ, ಎಕರೆಕ್ಕೊಬ್ಬರಂಗ. ಅದಕ್ಕ ಮುಂಜಾನೆನ ಕಲ್ಲು ಹಾಕೀನಿ."

ನಾನು, ಸರ್ವೇಯರ್ ಇಬ್ಬರೂ ಬದುವಿನ ಮೇಲೆ ಕೂತು ಅವನಿಗೆ ತಿಳಿಸಿ ಹೇಳಿದೆವು. ಮೂರು, ಎರಡು ಅನ್ನುವುದು ಗೆದ್ದವರು ಯಾರು ಅನ್ನುವುದಕ್ಕೆ, ಪಾಲು ಮಾತ್ರ ಸಮ, ನಿನಗೆ ಇನ್ನೂ ಅರ್ಧ ಎಕರೆ ಬರಬೇಕು ಅಂದೆವು. ಅವನು ಒಪ್ಪಲಿಲ್ಲ. "ಹಂಗಂದ್ರ ನನ್ನ ಕಡೆ ಇದ್ದ ಇಬ್ಬರು ದೊಡ್ಡ ಮನಷ್ಯಾರ ಮಾತಿಗೆ ಬೆಲೀನ ಇಲ್ಲೇನ್ರಿ? ಅವರು ಹೇಳಿದ್ದು ಎರಡು, ನನಗ ಎರಡು" ಅಂತ ಹಾರೆಯನ್ನು ನೆಲಕ್ಕೆ ಊರಿದ.

ಅಷ್ಟರಲ್ಲಿ ಕುಡುಗೋಲು ಹಿಡಿದು ಅಕ್ಕ ಬಂದರು. ವಿಷಯ ಕೇಳಿ, ಸುಣ್ಣ ಹಸಿ ಇದ್ದ ಕಲ್ಲಿನ ಮೇಲೆಯೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾಲ್ಕು ಕೋರ್ಟು ಮುಗಿಯುವವರೆಗೂ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಲೇ ಖೋಡಿ," ಅಂದರು, ನಗು ತಡೆದುಕೊಂಡು. "ಐದೂ ಮಂದಿ ನನ್ನ ಕಡೆ ಆಗಿದ್ರ ಏನ್ ಮಾಡ್ತಿದ್ದ್ಯೋ?"

"ಏನ್ ಮಾಡ್ತಿದ್ದೆ?" ಅಂದ ತಮ್ಮ. "ನಿನ್ನ ಹೊಲಕ್ಕ ಕೂಲಿಗೆ ಬರ್ತಿದ್ದೆ."